ವಿಮಾನವೇರುವ ಮೀನು, ಕಾವಲಿಲ್ಲದ ಹೊಳೆ

ಗೋಕಾಕದ ಬಳಿ ಘಟಪ್ರಭೆಯು ಸುಮಾರು 52 ಮೀಟರ್ ಎತ್ತರದ ಬಂಡೆಯಿಂದ ಧುಮುಕುತ್ತದೆ. ಪ್ರವಾಸಿಗನಿಗೆ ಅದು ಜಲಪಾತ. ಮೀನಿನ ಪಾಲಿಗೆ ಗೋಡೆ. ಕೃಷ್ಣೆಯ ಕಡೆಯಿಂದ ಹರಿವಿಗೆ ಎದುರಾಗಿ ಈಜಿ ಬರುವ ಯಾವ ಮೀನೂ ಆ ಗೋಡೆಯನ್ನು ಏರಲಾರದು. ಗೋಡೆಯ ಮೇಲೆ, ಹುಕ್ಕೇರಿಯ ಸೀಮೆಯನ್ನು ದಾಟಿ ಸಹ್ಯಾದ್ರಿಯ ನೆತ್ತಿಯವರೆಗೆ ಇರುವ ನೀರು ಸಾವಿರಾರು ವರ್ಷಗಳಿಂದ ತನ್ನದೇ ಜೀವಿಗಳನ್ನು ಸಾಕಿಕೊಂಡು ಬಂದಿದೆ. ಆದರೆ ಈ ಗೋಡೆಯನ್ನು ಸಲೀಸಾಗಿ ಏರಬಲ್ಲ ವಸ್ತುವೊಂದು ಇಂದು ಎಲ್ಲರ ಕೈಗೂ ಬಂದಿದೆ. ಅದು ಆಮ್ಲಜನಕ ತುಂಬಿ ರಬ್ಬರ್ ಸುತ್ತಿದ ಒಂದು ಪ್ಲಾಸ್ಟಿಕ್ ಚೀಲ. ಅದು ಜಲಪಾತವನ್ನಷ್ಟೇ ಅಲ್ಲ, ಘಟ್ಟವನ್ನೂ ಕಡಲನ್ನೂ ದಾಟುತ್ತದೆ. ದಕ್ಷಿಣ ಅಮೆರಿಕದ ಹೊಳೆಯ ಮೀನು ಬೆಳಗಾವಿ ಜಿಲ್ಲೆಯ ಮನೆಯ ಗಾಜಿನ ಪೆಟ್ಟಿಗೆಗೂ, ಮಲೆನಾಡಿನ ಹಳ್ಳದ ಮೀನು ಯುರೋಪಿನ ಪಡಸಾಲೆಗೂ ತಲುಪುವುದು ಈ ಚೀಲದಿಂದ ಮತ್ತು ಅದನ್ನು ಹೊತ್ತೊಯ್ಯುವ ವಿಮಾನದಿಂದ.

ಈ ಪ್ರಯಾಣದಲ್ಲಿ ಕೇಳಲಾಗುವ ಪ್ರಶ್ನೆಗಳು ಹಲವು. ಚೀಲ ಸೋರುತ್ತದೆಯೇ? ಪೆಟ್ಟಿಗೆಯ ತೂಕವೆಷ್ಟು? ಕಾಗದಪತ್ರ ಸರಿಯಿದೆಯೇ? ಮೀನು ಜೀವಂತವಾಗಿ ಇಳಿಯುವುದೇ? ಕೇಳದೆ ಉಳಿಯುವ ಪ್ರಶ್ನೆಗಳು ಎರಡೇ: ಈ ಮೀನು ಯಾವ ಹೊಳೆಯನ್ನು ಬರಿದು ಮಾಡಿ ಬಂದಿತು? ಮುಂದೆ ಯಾವ ಹೊಳೆಯನ್ನು ಹಾಳುಮಾಡಲಿದೆ? ವಿಮಾನದ ಸುರಕ್ಷತೆಗೆ ನಿಯಮವುಂಟು, ಹೊಳೆಯ ಸುರಕ್ಷತೆಗೆ ಕಾವಲಿಲ್ಲ. ಅಲಂಕಾರದ ಮೀನಿನ ಮೋಹವನ್ನು ನಿರುಪದ್ರವಿ ಹವ್ಯಾಸವೆಂದು ನೋಡುವ ದೃಷ್ಟಿಯನ್ನು ಪ್ರಶ್ನಿಸಬೇಕಾಗಿರುವುದು ಇಲ್ಲಿಯೇ.

ಚೀಲದೊಳಗಿನ ವಿಜ್ಞಾನ

ಮೀನನ್ನು ಕಳುಹಿಸುವ ಕಲೆ ಇಂದು ಬಹಳ ಪಳಗಿದೆ. ಪ್ರಯಾಣಕ್ಕೆ ಒಂದೆರಡು ದಿನ ಮುಂಚೆಯೇ ಮೀನಿಗೆ ಆಹಾರ ನಿಲ್ಲಿಸುತ್ತಾರೆ. ಹೊಟ್ಟೆ ಖಾಲಿಯಾದಷ್ಟೂ ನೀರು ಮಲಿನವಾಗುವುದು ಕಡಿಮೆ. ಚೀಲದ ಮೂರನೆಯ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ. ಅಂತಹ ಚೀಲಗಳನ್ನು ಶಾಖ ತಡೆಯುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಸರಕಿನ ವಿಭಾಗಕ್ಕೆ ಏರಿಸುತ್ತಾರೆ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಜೀವಂತ ಪ್ರಾಣಿಗಳ ನಿಯಮಾವಳಿಯಲ್ಲಿ ಮೀನಿನ ಪೆಟ್ಟಿಗೆ ಹೇಗಿರಬೇಕೆಂಬ ವಿವರಗಳೂ ಇವೆ. ಇನ್ನು ಕೈಯಲ್ಲಿ ಒಯ್ಯುವವರ ಮಾತು. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವಸ್ಫೋಟಕದ ಸಂಚು ಬಯಲಾದ ಮೇಲೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಸೀಸೆಯನ್ನು ಕೈಚೀಲದಲ್ಲಿ ಒಯ್ಯುವುದಕ್ಕೆ ತಡೆ ಬಂದಿತು. ಆದರೂ ಅಮೆರಿಕದ ವಿಮಾನ ನಿಲ್ದಾಣಗಳ ಭದ್ರತಾ ಸಂಸ್ಥೆಯು, ಪಾರದರ್ಶಕ ಪಾತ್ರೆಯಲ್ಲಿ ನೀರಿನೊಡನೆ ಇರುವ ಜೀವಂತ ಮೀನನ್ನು ತಪಾಸಣೆಯ ನಂತರ ಒಳಗೆ ಬಿಡುತ್ತದೆ. ಕುಡಿಯುವ ನೀರಿಗಿಲ್ಲದ ವಿನಾಯಿತಿ ಮೀನಿನ ನೀರಿಗುಂಟು. ಸ್ಫೋಟಕವಲ್ಲವೆಂದು ಖಚಿತವಾದರೆ ಸಾಕು. ಆ ನೀರಿನಲ್ಲಿ ಇನ್ನೇನಿದೆ ಎಂಬುದು ಭದ್ರತಾ ಸಿಬ್ಬಂದಿಯ ಕೆಲಸವಲ್ಲ.

ಆ ನೀರಿನಲ್ಲಿ ಏನೇನಿರಬಹುದು ಎಂಬುದನ್ನು ವಿದ್ಯಾರ್ಥಿಗಳು ತಿಳಿಯಬೇಕು. ಮೊದಲನೆಯದಾಗಿ ಮೀನಿನ ಸಂಕಟ. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದಂತೆ ಇಂಗಾಲದ ಡೈಆಕ್ಸೈಡ್ ಹೆಚ್ಚಿ ನೀರು ಹುಳಿಯಾಗುತ್ತದೆ. ಕಿವಿರಿನಿಂದ ಹೊರಬೀಳುವ ಅಮೋನಿಯಾ ಆ ಹುಳಿ ನೀರಿನಲ್ಲಿ ಬಹುಮಟ್ಟಿಗೆ ಅಮೋನಿಯಂ ರೂಪದಲ್ಲಿದ್ದು ಅಷ್ಟಾಗಿ ಬಾಧಿಸುವುದಿಲ್ಲ. ಊರು ಸೇರಿ ಚೀಲ ಬಿಚ್ಚಿದೊಡನೆ ಅನಿಲ ಹಾರಿ ನೀರಿನ ಹುಳಿ ಇಳಿಯುತ್ತದೆ. ಅಮೋನಿಯಂ ಮತ್ತೆ ವಿಷಕಾರಿ ಅಮೋನಿಯಾ ಆಗುತ್ತದೆ. ಹಾರಾಟವಿಡೀ ಬದುಕಿದ್ದ ಮೀನು ಮನೆಗೆ ತಲುಪಿದ ಮೇಲೆ ಸಾಯುವುದಕ್ಕೆ ಇದೊಂದು ಮುಖ್ಯ ಕಾರಣ. ಸತ್ತದ್ದರ ಜಾಗಕ್ಕೆ ಮತ್ತೊಂದು ಮೀನನ್ನು ಕೊಳ್ಳಲಾಗುತ್ತದೆ. ವ್ಯಾಪಾರದ ಚಕ್ರ ತಿರುಗುವುದು ಹೀಗೆ.

ಎರಡನೆಯದು, ಲೆಕ್ಕಕ್ಕೆ ಸಿಗದ ಸಹಪ್ರಯಾಣಿಕರು. ಬಸವನಹುಳುವಿನ ಮೊಟ್ಟೆ, ನೀರುಕಳೆಯ ತುಣುಕು, ಪರಾವಲಂಬಿ ಹುಳು, ಶಿಲೀಂಧ್ರ, ವೈರಾಣು. ಕಾರ್ಪ್ ಜಾತಿಯ ಮೀನುಗಳನ್ನು ಕೊಲ್ಲುವ ಕೋಯ್ ಹರ್ಪಿಸ್ ವೈರಸ್ 1998ರಲ್ಲಿ ಇಸ್ರೇಲ್ ಮತ್ತು ಅಮೆರಿಕದಲ್ಲಿ ಕಾಣಿಸಿಕೊಂಡಿತು. ಅಲಂಕಾರದ ಕೋಯ್ ಮೀನುಗಳ ಮಾರಾಟದೊಡನೆ ಅದು ಖಂಡಾಂತರ ಹಬ್ಬಿತು. 2003ರಲ್ಲಿ ಜಪಾನಿನ ಕಸುಮಿಗೌರಾ ಸರೋವರದಲ್ಲಿ ಸಾಕಿದ್ದ ಗೆಂಡೆ ಮೀನುಗಳು ರಾಶಿರಾಶಿಯಾಗಿ ಸತ್ತವು. ಅಲ್ಲಿ ನಷ್ಟವಾದದ್ದು ಹವ್ಯಾಸಿಗಳಿಗಲ್ಲ. ಊಟದ ಮೀನು ಸಾಕಿ ಜೀವಿಸುತ್ತಿದ್ದವರಿಗೆ. ಅದೇ ಸಾಮಾನ್ಯ ಗೆಂಡೆಯನ್ನು ಕರ್ನಾಟಕದ ಕೆರೆಗಳಲ್ಲಿಯೂ ಜಲಾಶಯಗಳಲ್ಲಿಯೂ ಸಾಕಲಾಗುತ್ತದೆ. ಕೆರೆಯನ್ನು ಗುತ್ತಿಗೆ ಹಿಡಿದ ಬಡ ಮೀನುಗಾರರ ಸಂಘಕ್ಕೆ, ನಗರದ ಪಡಸಾಲೆಯ ಒಂದು ಕೋಯ್ ಮೀನು ಹೊತ್ತು ತರಬಹುದಾದ ರೋಗದಿಂದ ರಕ್ಷಣೆ ಕೊಡುವವರಾರು?

ಹೊರಟುಹೋಗುವ ಮೀನು

ಹೊಳೆಯಿಂದ ಹೊರಹೋಗುವ ದಾರಿಯ ಕಥೆ ಮಲೆನಾಡಿಗೆ ಅಪರಿಚಿತವೇನಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರು 1920ರಲ್ಲಿ ತೀರ್ಥಹಳ್ಳಿಯ ತುಂಗೆಯಿಂದ ಪಟ್ಟೆಪಟ್ಟೆಯ ಪುಟ್ಟ ಮೀನೊಂದನ್ನು ವಿವರಿಸಿ ಬೋಷಿಯಾ ಸ್ಟ್ರಿಯೇಟಾ ಎಂದು ಹೆಸರಿಟ್ಟರು. ತುಂಗೆಯ ಮಡಿಲಿನಲ್ಲಿ ಹೆಸರು ಪಡೆದ ಈ ಮೀನು ಜಗತ್ತಿನ ಅಕ್ವೇರಿಯಂ ಪೇಟೆಯಲ್ಲಿ ‘ಜೀಬ್ರಾ ಲೋಚ್’ ಎಂದು ಮಾರಾಟವಾಗುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದು ಅಳಿವಿನಂಚಿನ ಪ್ರಭೇದ. 2013ರಲ್ಲಿ ‘ಬಯಾಲಾಜಿಕಲ್ ಕನ್ಸರ್ವೇಶನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 2005ರಿಂದ 2012ರವರೆಗಿನ ರಫ್ತಿನ ದಾಖಲೆಗಳನ್ನು ಶೋಧಿಸಿತು. ಅಪಾಯಕ್ಕೆ ಸಿಲುಕಿದ 30 ಪ್ರಭೇದಗಳಿಗೆ ಸೇರಿದ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ಆ ಅವಧಿಯಲ್ಲಿ ಭಾರತದಿಂದ ಹೊರಹೋಗಿದ್ದವು. ದೊಡ್ಡ ಸಂಖ್ಯೆಯಲ್ಲಿ ಹೋದವುಗಳ ಸಾಲಿನಲ್ಲಿ ತುಂಗೆಯ ಈ ಪಟ್ಟೆ ಮೀನೂ ಇತ್ತು.

ಇನ್ನೊಂದು ಮೀನು ಪಶ್ಚಿಮಘಟ್ಟದ ದಕ್ಷಿಣ ಭಾಗದ್ದು. ಮದ್ರಾಸಿನ ಗವರ್ನರ್ ಆಗಿದ್ದ ಸರ್ ವಿಲಿಯಂ ಡೆನಿಸನ್ ಹೆಸರನ್ನು ಹೊತ್ತು 1865ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಡೆನಿಸನ್ ಬಾರ್ಬ್. ಪೇಟೆಯ ಭಾಷೆಯಲ್ಲಿ ‘ಮಿಸ್ ಕೇರಳ’. ಕಾಸರಗೋಡಿನ ಚಂದ್ರಗಿರಿ ಹೊಳೆಯೂ ಅದರ ನೆಲೆಗಳಲ್ಲೊಂದು. ಮೈಮೇಲೆ ಕೆಂಪು ಗೆರೆ ಎಳೆದ ಈ ಚೆಲುವೆಗೆ ಹೊರದೇಶಗಳಲ್ಲಿ ಬೇಡಿಕೆ ಏರಿದಂತೆ ಹೊಳೆಗಳಲ್ಲಿ ಸಂತತಿ ಇಳಿಯಿತು. 2008ರಲ್ಲಿ ಕೇರಳ ಸರ್ಕಾರ ಹಿಡಿಯುವ ಪ್ರಮಾಣಕ್ಕೂ ಕಾಲಕ್ಕೂ ಮಿತಿ ವಿಧಿಸಿತು. ಆದರೆ ನಿಷೇಧಕ್ಕೆ ಆರಿಸಿದ ತಿಂಗಳುಗಳು ಮೀನು ನಿಜವಾಗಿ ಮೊಟ್ಟೆಯಿಡುವ ತಿಂಗಳುಗಳಿಗೆ ಹೊಂದುತ್ತಿರಲಿಲ್ಲವೆಂದು ಅನಂತರದ ಸಂಶೋಧನೆ ತೋರಿಸಿತು. ಹೊಳೆಯನ್ನು ಕೇಳದೆ ಕಚೇರಿಯಲ್ಲಿ ಬರೆದ ನಿಯಮದ ಗತಿ ಇದು. ಬಸುರಿ ಮೀನಿಗೆ ಬಲೆ, ಬಾಣಂತನ ಮುಗಿದ ಮೇಲೆ ರಕ್ಷಣೆ.

ಘಟಪ್ರಭೆಯ ಕಣಿವೆಗೂ ಈ ಭಯ ದೂರದ್ದಲ್ಲ. ಘಟಪ್ರಭೆಯ ಉಪನದಿ ಹಿರಣ್ಯಕೇಶಿ ಮಹಾರಾಷ್ಟ್ರದ ಅಂಬೋಲಿಯ ಘಟ್ಟದಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳನ್ನು ಕಂಡು, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರವನ್ನು ದಾಟಿ ಬರುತ್ತದೆ. ಅದರ ಉಗಮಸ್ಥಾನದ ಮಹಾದೇವ ದೇಗುಲದ ಬಳಿಯ ನೀರಿನಲ್ಲಿ 2020ರಲ್ಲಿ ಹೊಸ ಮೀನೊಂದನ್ನು ವಿಜ್ಞಾನಿಗಳು ವಿವರಿಸಿದರು. ನದಿಯ ಹೆಸರನ್ನೇ ಇಟ್ಟು ಅದನ್ನು ಶಿಸ್ಟುರಾ ಹಿರಣ್ಯಕೇಶಿ ಎಂದು ಕರೆದರು. ಬಣ್ಣದ ಮೈಯ, ತಳದ ಕಲ್ಲುಗಳ ನಡುವೆ ಬದುಕುವ ಬೆರಳುದ್ದವೂ ಇಲ್ಲದ ಮೀನು. ಇಷ್ಟು ಚಿಕ್ಕ ನೆಲೆಯ ಜೀವಿಯ ವಿಳಾಸ ಜಗತ್ತಿಗೆ ತಿಳಿದರೆ ಏನಾಗಬಹುದೆಂಬ ಆತಂಕ ಸಹಜ. ಬಣ್ಣವುಳ್ಳದ್ದು, ಅಪರೂಪದ್ದು, ಒಂದೇ ಜಾಗದಲ್ಲಿ ಸಿಗುವಂಥದ್ದು: ಸಂಗ್ರಹಕಾರರ ಆಸೆ ಕೆರಳಿಸಲು ಇದಕ್ಕಿಂತ ಹೆಚ್ಚಿನ ಗುಣ ಬೇಕಿಲ್ಲ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಜಾಗದ ಎರಡು ಹೆಕ್ಟೇರಿಗೆ ತುಸು ಮಿಗಿಲಾದ ನೆಲವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದ್ದು ಸ್ತುತ್ಯ. ಆದರೆ ನದಿ ಎರಡು ಹೆಕ್ಟೇರಿಗೆ ನಿಲ್ಲುವುದಿಲ್ಲ. ರಾಜ್ಯದ ಗಡಿಯಲ್ಲಿ ಅದರ ಹೆಸರು ಬದಲಾಗುವುದಿಲ್ಲ. ನೆತ್ತಿಗೆ ಕಾವಲಿಟ್ಟು ಮೈಯನ್ನು ಬಯಲಿಗೆ ಬಿಟ್ಟರೆ ಆ ರಕ್ಷಣೆ ಅರ್ಧದ್ದೇ. ಸಂಕೇಶ್ವರದ ಜನರಿಗೆ ತಮ್ಮ ನದಿಯ ಹೆಸರು ಹೊತ್ತ ಮೀನೊಂದು ಪ್ರಪಂಚದಲ್ಲಿದೆ ಎಂಬ ಸಂಗತಿಯನ್ನು ಶಾಲೆಯ ಗೋಡೆಯ ಮೇಲಾದರೂ ಬರೆದು ತಿಳಿಸಬೇಡವೇ?

ಬಂದು ಸೇರುವ ಮೀನು

ಒಳಬರುವ ದಾರಿ ಇನ್ನೂ ಅಪಾಯದ್ದು. ಹೊರಹೋಗುವುದನ್ನು ನಿಲ್ಲಿಸಬಹುದು, ಒಳಬಂದು ನೆಲೆನಿಂತದ್ದನ್ನು ತೆಗೆಯುವುದು ಬಹುತೇಕ ಅಸಾಧ್ಯ. ಮಲೆನಾಡಿಗರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಬೇಣಗಳನ್ನು ನುಂಗಿದ ಲಂಟಾನ ಒಂದು ಕಾಲದಲ್ಲಿ ತೋಟದ ಅಂದಕ್ಕೆಂದು ತಂದ ಹೂಗಿಡ. ಕೆರೆಗಳನ್ನು ಹೊದೆದ ಅಂತರಗಂಗೆಯೂ ಹೂವಿನ ಚೆಲುವಿಗೆ ಮರುಳಾದವರ ಕೊಡುಗೆ. ಅಡಕೆ, ಕಾಫಿ, ತರಕಾರಿಗಳನ್ನು ತಿನ್ನುವ ಆಫ್ರಿಕನ್ ದೈತ್ಯ ಬಸವನಹುಳುವನ್ನು 1847ರಲ್ಲಿ ಮಾರಿಷಸ್ಸಿನಿಂದ ಕಲ್ಕತ್ತೆಗೆ ತಂದು ಬಿಟ್ಟವನು ವಿಲಿಯಂ ಬೆನ್ಸನ್ ಎಂಬ ಶಂಖಶಾಸ್ತ್ರಜ್ಞ. ತೋಟಕ್ಕೆ ಕೇಡು ಬಯಸಿ ಆತ ಅದನ್ನು ತರಲಿಲ್ಲ; ಬಸವನಹುಳುಗಳೆಂದರೆ ಆತನಿಗೆ ಪ್ರೀತಿ. ಅದರ ಸಾಲವನ್ನು ಕೊಡಗಿನ ಕಾಫಿ ಬೆಳೆಗಾರರು ಇಂದಿಗೂ ತೀರಿಸುತ್ತಿದ್ದಾರೆ. ಹಡಗಿನ ಕಾಲದಲ್ಲಿ ವಾರಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸವನ್ನು ವಿಮಾನ ಒಂದು ಹಗಲಿಗೆ ಇಳಿಸಿದೆ. ದೀರ್ಘ ಪ್ರಯಾಣದಲ್ಲಿ ಸಾಯುತ್ತಿದ್ದ ಜೀವಿಯೂ, ಅದರ ರೋಗಾಣುವೂ ಈಗ ಸಾಯದೆ ಇಳಿಯುತ್ತವೆ.

ಅಕ್ವೇರಿಯಂ ಅಂಗಡಿಯಲ್ಲಿ ಗಾಜು ಸ್ವಚ್ಛ ಮಾಡುವ ಮೀನೆಂದು ಮಾರುವ ಸಕ್ಕರ್ ಮೀನನ್ನೇ ನೋಡಬಹುದು. ದಕ್ಷಿಣ ಅಮೆರಿಕದ ಈ ಮೀನಿನ ಮೈ ತುಂಬ ಮುಳ್ಳುಚಿಪ್ಪು. ಅಂಗೈಯಷ್ಟಿದ್ದದ್ದು ಮೊಳದುದ್ದ ಬೆಳೆದಾಗ ಪೆಟ್ಟಿಗೆ ಸಾಲದೆ ಯಜಮಾನ ಅದನ್ನು ಕೆರೆಗೆ ಬಿಡುತ್ತಾನೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಗಾಳಿಯನ್ನೇ ನುಂಗಿ ಬದುಕುತ್ತದೆ. ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣ, ಬಂಗಾಳದ ನೀರುಗಳಲ್ಲಿ ಅದು ನೆಲೆಯೂರಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ. ಆಂಧ್ರದ ಕಡೆ ಅದಕ್ಕೆ ದೆವ್ವದ ಮೀನೆಂದೇ ಹೆಸರು. ರೈತರು ಗಮನಿಸಬೇಕಾದ ಗುಣ ಇನ್ನೊಂದುಂಟು. ಮೊಟ್ಟೆಯಿಡಲು ಈ ಮೀನು ಮಣ್ಣಿನ ದಂಡೆಯಲ್ಲಿ ಸುಮಾರು ಒಂದು ಮೀಟರಿನವರೆಗೆ ಬಿಲ ಕೊರೆಯುತ್ತದೆ. ಧೂಪದಾಳದ ಒಡ್ಡಿನಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆ ಗೋಕಾಕ, ಮೂಡಲಗಿಯ ಹೊಲಗಳಿಗೆ ನೀರುಣಿಸುತ್ತದೆ. ಕಾಲುವೆ, ಹಂಚುಗಾಲುವೆ, ಹಳ್ಳಗಳ ಮಣ್ಣಿನ ದಂಡೆಗಳಲ್ಲಿ ಇಂತಹ ಬಿಲಗಳು ಸಾಲುಗಟ್ಟಿದರೆ ದಂಡೆ ಕುಸಿಯುವುದಕ್ಕೆ ಮಳೆಗಾಲ ಕಾಯಬೇಕಿಲ್ಲ. ಕಬ್ಬಿನ ಗದ್ದೆಯ ಒಡೆಯನಿಗೂ ಅಕ್ವೇರಿಯಂ ಅಂಗಡಿಗೂ ಸಂಬಂಧವಿಲ್ಲವೆಂದು ಯಾರೂ ತಿಳಿಯದಿರಲಿ.

“ಒಂದು ಮೀನು ಬಿಟ್ಟರೆ ಏನಾದೀತು” ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ದೇಹದಲ್ಲಿ ಕಾಪಿಟ್ಟುಕೊಂಡು ಮತ್ತೆ ಮತ್ತೆ ಮರಿ ಹಾಕಬಲ್ಲುದು. ಗರ್ಭಿಣಿಯಾದ ಒಂದೇ ಹೆಣ್ಣಿನಿಂದ ಹೊಸ ನೀರಿನಲ್ಲಿ ಸಂತತಿ ನೆಲೆಗೊಳ್ಳಬಲ್ಲುದೆಂದು 2011ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಅಮೆರಿಕದ ಮಿನ್ನೆಸೋಟ ರಾಜ್ಯದ ಬರ್ನ್ಸ್‌ವಿಲ್ ನಗರವು 2021ರ ಜುಲೈಯಲ್ಲಿ ತನ್ನ ಕೆರೆಯಿಂದ ಹಿಡಿದ ಗೋಲ್ಡ್ ಫಿಶ್‌ಗಳ ಚಿತ್ರ ಪ್ರಕಟಿಸಿ, ಸಾಕಿದ ಮೀನನ್ನು ಕೆರೆಗೆ ಬಿಡಬೇಡಿರೆಂದು ಜನರನ್ನು ಬೇಡಿಕೊಂಡಿತು. ಬಟ್ಟಲಿನಲ್ಲಿ ಬೆರಳುದ್ದವಿದ್ದ ಮೀನುಗಳು ಅಲ್ಲಿ ಫುಟ್ಬಾಲ್ ಗಾತ್ರಕ್ಕೆ ಬೆಳೆದು ತಳದ ಕೆಸರನ್ನು ಕಲಕುತ್ತಿದ್ದವು.

ತಪ್ಪು ಹವ್ಯಾಸಿಗಳದ್ದು ಮಾತ್ರವೂ ಅಲ್ಲ. 1952ರಲ್ಲಿ ತಿಲಾಪಿಯಾ ಭಾರತಕ್ಕೆ ಬಂದದ್ದು ಆಹಾರೋತ್ಪಾದನೆಯ ಹೆಸರಿನಲ್ಲಿ. ಗ್ಯಾಂಬೂಸಿಯಾ ಬಂದದ್ದು 1920ರ ದಶಕದ ಕೊನೆಯಲ್ಲಿ, ಸೊಳ್ಳೆ ಮರಿಗಳನ್ನು ತಿನ್ನಿಸಲಿಕ್ಕೆ. ಸೊಳ್ಳೆ ಮರಿಗಳನ್ನು ತಿನ್ನುವ ದೇಸಿ ಮೀನುಗಳು ಹಳ್ಳಕೊಳ್ಳಗಳಲ್ಲಿದ್ದಾಗಲೇ, ಇತರ ಮೀನುಗಳ ಮೊಟ್ಟೆಯನ್ನೂ ಕಪ್ಪೆಯ ಗೊದಮೊಟ್ಟೆಯನ್ನೂ ತಿನ್ನುವ ಪರದೇಶಿಯನ್ನು ಬಾವಿ, ಕೆರೆಗಳಿಗೆ ಸುರಿಯಲಾಯಿತು. ಸರ್ಕಾರವೇ ಬಿಟ್ಟ ಮೇಲೆ ಪ್ರಜೆಗೇಕೆ ಪಾಪಪ್ರಜ್ಞೆ? ಈ ಉದಾಸೀನವನ್ನು ಕಲಿಸಿದವರಲ್ಲಿ ಇಲಾಖೆಗಳೂ ಸೇರಿವೆ.

ಇದರ ಮೇಲೆ ಪ್ರವಾಹ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದಾಗ ಅಂಗಡಿ, ಮನೆ, ಹೊಲಗಳೆಲ್ಲ ನದಿಯ ಪಾತ್ರವೇ ಆಗಿಬಿಟ್ಟಿದ್ದವು. 2021ರಲ್ಲಿಯೂ ನದಿ ದಂಡೆ ಮೀರಿತು. ಅಂತಹ ದಿನ ಪಡಸಾಲೆಯ ಗಾಜಿನ ಪೆಟ್ಟಿಗೆಗೂ ಹಿತ್ತಿಲ ತೊಟ್ಟಿಗೂ ನದಿಗೂ ನಡುವೆ ಗೆರೆ ಉಳಿಯುವುದಿಲ್ಲ. ಯಜಮಾನ ಎಷ್ಟೇ ಜವಾಬ್ದಾರಿಯುಳ್ಳವನಾದರೂ ನೆರೆಯ ನೀರು ಅವನ ಅಪ್ಪಣೆ ಕೇಳುವುದಿಲ್ಲ. ಇಂತಹ ಕಣಿವೆಯಲ್ಲಿ ಸಾಕುವ ಪ್ರತಿ ವಿದೇಶಿ ಮೀನೂ ಇಂದಲ್ಲ ನಾಳೆ ನದಿಗೆ ಸೇರಬಹುದಾದ ಮೀನೆಂದೇ ತಿಳಿದು ನಡೆಯಬೇಕು.

ಪ್ರೀತಿ, ಪುಣ್ಯ ಮತ್ತು ಜೀವನೋಪಾಯ

ಅಕ್ವೇರಿಯಂ ಪರವಾದ ವಾದಗಳನ್ನು ಕಡೆಗಣಿಸುವುದು ಸರಿಯಲ್ಲ. ಗಾಜಿನ ಪೆಟ್ಟಿಗೆ ಮಕ್ಕಳಲ್ಲಿ ಪ್ರಕೃತಿಪ್ರೇಮ ಬೆಳೆಸುತ್ತದೆ ಎನ್ನುತ್ತಾರೆ. ಬೆಳೆಸಲೂಬಹುದು. ಆದರೆ ಮನೆಯ ಪೆಟ್ಟಿಗೆಯಲ್ಲಿ ಅಮೆಜಾನಿನ ಮೀನಿನ ಹೆಸರು ಬಲ್ಲ ಮಗುವಿಗೆ ಊರ ಹಳ್ಳದ ಮೀನುಗಳಲ್ಲಿ ಎಷ್ಟರ ಹೆಸರು ಗೊತ್ತು? ಹಳ್ಳದ ಮೀನು ಹಳ್ಳದಲ್ಲೇ ಇರಲೆಂದು ಬಯಸುವ ಪ್ರೀತಿಯನ್ನೂ ಕಲಿಸದ ಪೆಟ್ಟಿಗೆ ಕೇವಲ ಮನೆಯ ಒಡವೆ.

ಮೀನನ್ನು ನೋಡಿ ಮಣಿಯುವ ಸಂಸ್ಕೃತಿಗೆ ಗಾಜು ಬೇಕಿರಲಿಲ್ಲ. ಶೃಂಗೇರಿಯ ತುಂಗೆಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ, ಶಿಶಿಲದ ಕಪಿಲೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ಜನ ಹೊಳೆಯ ಮೀನನ್ನು ಹೊಳೆಯಲ್ಲೇ ಕಾಪಾಡಿದರು. ಮಗು ದಂಡೆಯ ಮೇಲೆ ಕುಳಿತು ಮಂಡಕ್ಕಿ ಎಸೆದರೆ ಮೊಳದುದ್ದದ ಮೀನು ತಾನಾಗಿ ಬಳಿ ಬರುತ್ತದೆ. 1996ರಲ್ಲಿ ಶಿಶಿಲದ ಮೀನುಗಳಿಗೆ ದುಷ್ಟರು ವಿಷವಿಕ್ಕಿದಾಗ ಊರು ದುಃಖಿಸಿತು. ಸತ್ತ ಮೀನುಗಳ ನೆನಪಿಗೆ ಸ್ಮಾರಕವನ್ನೇ ನಿಲ್ಲಿಸಿತು. ಕೊಂಡ ಮೀನು ಸತ್ತರೆ ಬದಲಿಗೆ ಇನ್ನೊಂದು ಬರುತ್ತದೆ. ಹೊಳೆಯ ಮೀನಿಗೆ ಬದಲಿಯಿಲ್ಲವೆಂಬುದನ್ನು ಆ ಊರು ಬಲ್ಲದು.

ಎರಡನೆಯ ಮಾತು ಪುಣ್ಯದ್ದು. ವಾಸ್ತುವಿನ ಹೆಸರಿನಲ್ಲಿ ಅರೋವಾನ, ಫ್ಲವರ್‌ಹಾರ್ನ್ ಮೀನುಗಳನ್ನು ತರಿಸುವವರಿದ್ದಾರೆ. ಇವುಗಳಲ್ಲಿ ಏಷ್ಯಾದ ಅರೋವಾನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಠಿಣ ಕಟ್ಟಳೆಯುಳ್ಳ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವ ಜೀವಿ. ಫ್ಲವರ್‌ಹಾರ್ನ್ ಯಾವ ಹೊಳೆಯಲ್ಲೂ ಹುಟ್ಟದ, ಮನುಷ್ಯ ಬೆರೆಕೆ ಮಾಡಿ ಸೃಷ್ಟಿಸಿದ ತಳಿ. ಕೃತಕ ತಳಿಯೊಂದು ಮನೆಗೆ ಅದೃಷ್ಟ ತರುವುದೆಂಬ ನಂಬಿಕೆಯೇ ವಿಚಿತ್ರ. ಅದೃಷ್ಟ ಬಾರದಿದ್ದಾಗ, ಅಥವಾ ಮೀನು ದೊಡ್ಡದಾದಾಗ, ಕೊಲ್ಲಲು ಮನಸ್ಸಾಗದೆ ನದಿಗೆ ಬಿಟ್ಟು ಕೈಮುಗಿಯುತ್ತಾರೆ. ಬಿಟ್ಟವನಿಗೆ ಒಂದು ಜೀವ ಉಳಿಸಿದ ತೃಪ್ತಿ. ಆ ಒಂದು ಜೀವ ತಿನ್ನಲಿರುವ ಸಾವಿರ ಮೊಟ್ಟೆಗಳ ಲೆಕ್ಕ ಯಾವ ಪುಣ್ಯದ ಖಾತೆಗೆ? ಪರದೇಶದ ಮೀನನ್ನು ನದಿಗೆ ಬಿಡುವುದು ಜೀವದಯೆಯಲ್ಲ. ನದಿಗೆ ಎಸಗುವ ದ್ರೋಹ.

ಮೂರನೆಯದು ಜೀವನೋಪಾಯದ ವಾದ. ಇದು ಗೌರವಕ್ಕೆ ಅರ್ಹವಾದದ್ದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಅಲಂಕಾರಿಕ ಮೀನಿನ ಘಟಕಗಳಿಗೆ ನೆರವು ನೀಡುತ್ತದೆ. ಹಿತ್ತಿಲ ತೊಟ್ಟಿಯಲ್ಲಿ ಮರಿ ಮಾಡಿಸಿ ನಾಲ್ಕು ಕಾಸು ಕಾಣುವ ಕುಟುಂಬಗಳನ್ನು ಶತ್ರುಗಳೆಂದು ಕಾಣುವುದು ಅನ್ಯಾಯ. ಆದರೆ ಈ ವ್ಯಾಪಾರದ ಏಣಿಯನ್ನು ಮೇಲಿನಿಂದ ಕೆಳಕ್ಕೆ ನೋಡಬೇಕು. ಲಾಭದ ದೊಡ್ಡ ಪಾಲು ರಫ್ತುದಾರನಿಗೂ ಹೊರದೇಶದ ಚಿಲ್ಲರೆ ವ್ಯಾಪಾರಿಗೂ. ತಣ್ಣೀರಿನಲ್ಲಿ ನಿಂತು ಬಲೆ ಬೀಸಿದವನಿಗೆ ಉಳಿಯುವುದು ಕೂಲಿ. ಹೊಳೆ ಬರಿದಾದ ದಿನ ರಫ್ತುದಾರ ಇನ್ನೊಂದು ಹೊಳೆಗೆ ಹೋಗುತ್ತಾನೆ, ಕೂಲಿಯವನು ಬರಿದಾದ ಹೊಳೆಯ ದಂಡೆಯಲ್ಲೇ ಉಳಿಯುತ್ತಾನೆ. ಕಾಡುಹೊಳೆಯಿಂದ ಹಿಡಿಯದೆ, ಹೊಳೆಗೆ ಸೇರಲಾರದ ತೊಟ್ಟಿಯಲ್ಲಿ ಮರಿಮಾಡಿಸುವ ಕಸುಬಿಗೆ ಮಾತ್ರ ಸರ್ಕಾರದ ಹಣ ಹೋಗಲಿ ಎಂದು ಕೇಳುವುದು ಬಡವರ ವಿರುದ್ಧದ ಮಾತಲ್ಲ. ಅವರ ನಾಳೆಯ ಪರವಾದ ಮಾತು.

ಕಾವಲು ಹೇಗೆ?

ಕಾನೂನಿನ ಕೊರತೆಯಿದೆ ಎನ್ನುವಂತಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ 62ಎ ಕಲಮು, ಆಕ್ರಮಣಕಾರಿ ಅನ್ಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನಗಳನ್ನು ನಿಯಂತ್ರಿಸುವ ಅಥವಾ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ. ಊರಿನ ಜೀವಸಂಪತ್ತನ್ನು ದಾಖಲಿಸುವ ಹೊಣೆ ಅದರದ್ದು. ಕಾಯಿದೆ ಪುಸ್ತಕದಲ್ಲಿರುವವರೆಗೆ ಮೀನಿಗೆ ಅದರಿಂದ ಪ್ರಯೋಜನವಿಲ್ಲ. ಹೊಳೆಯ ದಂಡೆಯ ಜನ ಅದನ್ನು ಕೈಗೆತ್ತಿಕೊಂಡಾಗ ಅದಕ್ಕೆ ಜೀವ ಬರುತ್ತದೆ.

ಆದ್ದರಿಂದ ಹಕ್ಕೊತ್ತಾಯಗಳು ಸ್ಪಷ್ಟವಾಗಿರಲಿ. ಮೊದಲನೆಯದಾಗಿ, ಘಟ್ಟದ ಹೊಳೆಗಳಿಂದ ಅಕ್ವೇರಿಯಂ ಪೇಟೆಗೆ ಕಾಡುಮೀನು ಹಿಡಿಯುವುದು ನಿಲ್ಲಬೇಕು. ವಿಮಾನವೇರುವ ಪ್ರತಿ ಪೆಟ್ಟಿಗೆಯ ಮೇಲೆ ಮೀನಿನ ಪ್ರಭೇದದ ಹೆಸರೂ ಅದು ಹುಟ್ಟಿದ ತೊಟ್ಟಿಯ ವಿಳಾಸವೂ ಇರಬೇಕು. ಎರಡನೆಯದಾಗಿ, ಸಾಂಬ್ರಾದಂತಹ ಚಿಕ್ಕ ವಿಮಾನ ನಿಲ್ದಾಣದಿಂದ ಬೆಂಗಳೂರಿನವರೆಗೆ, ಜೀವಂತ ಮೀನು ಬಂದಿಳಿಯುವೆಡೆಯಲ್ಲೆಲ್ಲ ‘ಇದನ್ನು ನದಿಗೆ ಬಿಡಬೇಡಿ’ ಎಂಬ ಕನ್ನಡದ ಎಚ್ಚರಿಕೆ ಇರಬೇಕು. ಮೂರನೆಯದಾಗಿ, ಮೀನು ಮಾರಿದ ಅಂಗಡಿಯೇ ಬೇಡವಾದ ಮೀನನ್ನು ಮರಳಿ ಪಡೆಯುವ ಕಟ್ಟುಪಾಡು ಬರಬೇಕು. ನಾಲ್ಕನೆಯದಾಗಿ, ಅಂಬೋಲಿಯಿಂದ ಸಂಕೇಶ್ವರದವರೆಗೆ ಹಿರಣ್ಯಕೇಶಿಯ ಮೀನುಗಳ ಜಂಟಿ ಸಮೀಕ್ಷೆಯನ್ನು ಎರಡೂ ರಾಜ್ಯಗಳು ಕೈಗೊಳ್ಳಬೇಕು. ಐದನೆಯದಾಗಿ, ಸೊಳ್ಳೆ ನಿಯಂತ್ರಣಕ್ಕೆ ದೇಸಿ ಮೀನುಗಳನ್ನೇ ಬಳಸಬೇಕು.

ಸರ್ಕಾರವನ್ನು ಕಾಯದೆ ಮಾಡಬಹುದಾದ ಕೆಲಸವೂ ಇದೆ. ಮನೆಯಲ್ಲಿ ಅಕ್ವೇರಿಯಂ ಇರುವವರು ಅದರ ನೀರನ್ನು ಚರಂಡಿಗೋ ಹಳ್ಳಕ್ಕೋ ಚೆಲ್ಲದೆ, ನೀರಿನ ಹರಿವಿಗೆ ದೂರವಾದ ಗಿಡದ ಬುಡಕ್ಕೆ ಹಾಕಲಿ. ಅದರಲ್ಲಿರುವ ಸಾರಜನಕ ಗಿಡಕ್ಕೆ ಗೊಬ್ಬರ, ಹೊಳೆಗೆ ವಿಷ. ನೀರುಗಿಡಗಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ಹೂಳಲಿ. ಪ್ರಯಾಣ ಹೊರಟವರು ಮೀನಿನ ಚೀಲವನ್ನು ಊರಿನ ಉಡುಗೊರೆಯೆಂದು ತರದಿರಲಿ, ಊರ ಹಳ್ಳದ ಮೀನನ್ನು ನಗರದ ಗೆಳೆಯನಿಗೆ ಕಳುಹಿಸದಿರಲಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಾಲೇಜುಗಳ ವಿದ್ಯಾರ್ಥಿಗಳು ಮೀನುಗಾರರ ಜೊತೆ ಕುಳಿತು, ಬಲೆಗೆ ಬೀಳುವ ಮೀನುಗಳ ಕನ್ನಡದ ಹೆಸರುಗಳನ್ನು ಪಟ್ಟಿಮಾಡಲಿ. ಹಳಬರು ಎಂದೂ ಕಾಣದ ಮೀನು ಬಲೆಗೆ ಬಿದ್ದರೆ ಅದರ ಚಿತ್ರ, ದಿನಾಂಕ, ಜಾಗಗಳನ್ನು ಬರೆದಿಟ್ಟು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಲಿ. ಆಕ್ರಮಣದ ಮೊದ ಮೊದಲ ದಿನಗಳಲ್ಲಿ ಹತ್ತು ಮೀನು ಹಿಡಿದು ತೆಗೆಯುವುದು ಸಾಧ್ಯ. ಹತ್ತು ವರ್ಷ ಕಳೆದರೆ ಯಾವ ಇಲಾಖೆಯಿಂದಲೂ ಅಸಾಧ್ಯ.

ಘಟ್ಟದ ಮೇಲಿನವರು ನೀರನ್ನು ಮೊದಲು ಮುಟ್ಟುವವರು, ಬಯಲಿನವರು ಅದನ್ನು ಕೊನೆಗೆ ಕುಡಿಯುವವರು. ನಡುವಿನ ಹೊಳೆಗೆ ಬಾಯಿಲ್ಲ. ಬರುವ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ರಸ್ತೆ, ದೀಪ, ಮನೆಗಳ ಜೊತೆಗೆ “ಊರ ಹೊಳೆಯ ಮೀನುಗಳ ದಾಖಲೆ” ಎಂಬ ಒಂದು ಸಾಲನ್ನು ಸೇರಿಸುವಂತೆ ಪ್ರತಿ ಊರಿನವರೂ ಅರ್ಜಿ ಕೊಡಲಿ. ಹೊಳೆಯ ಕಾವಲು ಅಲ್ಲಿಂದ ಆರಂಭವಾಗುತ್ತದೆ.